ಬಾಲವಧುವೂ ಪಾಠಶಾಲೆಯೂ: ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಒಂದು ಚಾರಿತ್ರಿಕ ವಿಚಾರ

೧

ಕನ್ನಡನಾಡಿನಲ್ಲಿ ಸ್ತ್ರೀವಿದ್ಯಾಭ್ಯಾಸವು ಬೆಳೆದು ಬಂದ ಬಗೆಯನ್ನು ವಿಚಾರಿಸುವವರು ಸಾಮಾನ್ಯವಾಗಿ ಪಾಠಶಾಲೆಗಳ ಸ್ಥಾಪನೆ, ವಿದ್ಯಾರ್ಥಿನಿಯರ ಸಂಖ್ಯೆ, ಪರೀಕ್ಷೆಗಳ ಫಲ ಇವುಗಳನ್ನು ಕ್ರಮವಾಗಿ ನಿರೂಪಿಸುತ್ತಾರೆ. ಬಾಲ್ಯವಿವಾಹದ ನಿಷೇಧವನ್ನು ಕುರಿತು ಬರೆಯುವವರು ಶಾಸನಗಳನ್ನೂ ಅವು ಗೊತ್ತುಮಾಡಿದ ವಯೋಮಿತಿಗಳನ್ನೂ ನಿರೂಪಿಸುತ್ತಾರೆ. ಈ ಎರಡು ಕಥನಗಳೂ ಒಬ್ಬಳೇ ಹುಡುಗಿಯನ್ನು ಕುರಿತವು ಎಂಬುದು ಅನೇಕವೇಳೆ ಮರೆತುಹೋಗುತ್ತದೆ. ವಿವಾಹವನ್ನು ತಡೆಯಬೇಕೆಂದು ಶಾಸನವು ಹೇಳಿತು; ಸರಿಯೆ. ಆದರೆ ತಡೆಯಲಾಗದೆ ವಿವಾಹವು ನಡೆದುಹೋದ ಮೇಲೆ, ಅಥವಾ ಬಾಲೆಯು ದೌರ್ಜನ್ಯಕ್ಕೆ ಗುರಿಯಾದ ಮೇಲೆ, ಅಥವಾ ಹದಿನಾರು ವರ್ಷದವಳ ಮಡಿಲಲ್ಲಿ ಕೂಸು ಬಂದ ಮೇಲೆ, ಆಕೆ ಬಿಟ್ಟು ಬಂದ ಪಾಠದ ಗತಿಯೇನು? ಆಕೆ ಮತ್ತೆ ಶಾಲೆಯ ಹೊಸ್ತಿಲನ್ನು ನಿರ್ಭಯವಾಗಿ ತುಳಿಯಬಲ್ಲಳೆ? ಈ ಪ್ರಶ್ನೆಗೆ ನಮ್ಮ ನಾಡು ಕಾಲಕಾಲಕ್ಕೆ ಕೊಟ್ಟ ಉತ್ತರಗಳನ್ನು ಪರ್ಯಾಲೋಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ವಿಚಾರವು ಗಾಳಿಯಲ್ಲಿ ತೇಲದಿರಲೆಂದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡಿದೆ. ಇವು ಈಗ ದಾವಣಗೆರೆ ಜಿಲ್ಲೆಗೆ ಸೇರಿದುವು. ೧೯೯೭ರ ಆಗಸ್ಟ್ ೧೫ರಂದು ಈ ಜಿಲ್ಲೆಯು ಹುಟ್ಟುವ ಮುನ್ನ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದುವು. ನ್ಯಾಮತಿಯು ೨೦೧೮ರಲ್ಲಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ನಾಲ್ಕೂ ಮೈಸೂರು ಸಂಸ್ಥಾನದ ಸೀಮೆಗಳೇ ಆದಕಾರಣ ಸಂಸ್ಥಾನದ ಶಾಸನಗಳೂ ಅನಂತರದ ರಾಜ್ಯಶಾಸನಗಳೂ ಇವುಗಳಲ್ಲಿ ಏಕಪ್ರಕಾರವಾಗಿ ಅನ್ವಯಿಸಿದುವು. ಸಂಸ್ಥಾನದ ನೀತಿಯನ್ನು ರಾಜಧಾನಿಯಿಂದ ನೋಡುವುದಕ್ಕೂ ಇಂತಹ ಒಳನಾಡಿನಿಂದ ನೋಡುವುದಕ್ಕೂ ಬಹಳ ಅಂತರವುಂಟು.

೨

ಈ ಸೀಮೆಯ ಪೂರ್ವಚರಿತ್ರೆಗೆ ಬಿ. ಎಲ್. ರೈಸರು ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕವೇ ಮುಖ್ಯ ಆಧಾರವೆಂಬುದು ವಿದ್ವಾಂಸರಿಗೆ ತಿಳಿದದ್ದೇ. ಹೊನ್ನಾಳಿ ಚನ್ನಗಿರಿಗಳ ಶಾಸನಗಳು ಅದರ ೭ನೆಯ ಸಂಪುಟದಲ್ಲಿಯೂ ಜಗಳೂರಿನವು ೧೧ನೆಯ ಸಂಪುಟದಲ್ಲಿಯೂ ಅಚ್ಚಾಗಿವೆ. ಇಂತಹ ಶಾಸನಗಳಲ್ಲಿ ಅಗ್ರಹಾರಗಳೂ ದತ್ತಿಗಳೂ ವೀರರೂ ಬರುತ್ತಾರೆ; ಸ್ತ್ರೀಯರು ಬಂದರೆ ಬಹುಮಟ್ಟಿಗೆ ದಾನಕರ್ತೃಗಳಾಗಿ, ಇಲ್ಲವೆ ಮಹಾಸತಿಯರಾಗಿ ಬರುತ್ತಾರೆ. ಓದುವ ಬಾಲೆಯನ್ನು ಕಲ್ಲಿನ ಮೇಲೆ ಹುಡುಕುವುದು ವ್ಯರ್ಥ.

ಚನ್ನಗಿರಿ ತಾಲ್ಲೂಕಿನ ಪ್ರಸಿದ್ಧವಾದ ಕೆರೆಗೆ ಸೂಳೆಕೆರೆಯೆಂಬ ಹೆಸರು ಹಿಂದಿನಿಂದ ನಡೆದು ಬಂದಿದೆ. ಶಾಂತಿಸಾಗರವೆಂಬುದು ಈಚಿನ ಹೆಸರು. ಅರಸುಮಗಳೊಬ್ಬಳು ಇದನ್ನು ಕಟ್ಟಿಸಿದಳೆಂದು ಸ್ಥಳೈತಿಹ್ಯ. ಐತಿಹ್ಯದ ಪಾಠಗಳು ಒಂದಕ್ಕೊಂದು ಭಿನ್ನವಾಗಿವೆ. ಚರಿತ್ರೆಯೆಂದು ಅವುಗಳನ್ನು ಎತ್ತಿಹಿಡಿಯಲಾಗದು. ಆದರೂ ಒಂದು ಸಂಗತಿ ಗಮನಾರ್ಹ. ಸಾವಿರಾರು ಎಕರೆಗೆ ನೀರುಣಿಸುವ ಜಲಾಶಯವನ್ನು ಹೆಣ್ಣೊಬ್ಬಳು ಕಟ್ಟಿಸಿದಳೆಂದು ಒಪ್ಪಿಕೊಂಡ ಜನವೇ ಆಕೆಯ ಕೊಡುಗೆಯನ್ನು ಬಿಟ್ಟು, ಹೆಣ್ಣಿಗೆ ಅಂಟಿಸುವ ಕಳಂಕವನ್ನು ಕೆರೆಗೆ ಹೆಸರಾಗಿ ಉಳಿಸಿಕೊಂಡಿತು. ಹೆಣ್ಣಿನ ಮೇಲೆ ಒಮ್ಮೆ ಬಿದ್ದ ಮಾತು ಆಕೆಯ ಸಮಸ್ತ ಕಾರ್ಯವನ್ನೂ ಮುಚ್ಚಿಬಿಡುವುದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಾಗಿಲ್ಲ. ದೌರ್ಜನ್ಯಕ್ಕೆ ಗುರಿಯಾದ ಬಾಲೆಯು ಶಾಲೆಯನ್ನು ಬಿಡುವುದು ಪಾಠವು ಕಠಿಣವಾದ್ದರಿಂದಲ್ಲ. ಈ ಮಾತಿನ ಭಯದಿಂದ. ಮುಂದಿನ ವಿಚಾರಕ್ಕೆ ಈ ಅಂಶವು ಬೇಕಾಗುತ್ತದೆ.

ನಾಲ್ಕು ತಾಲ್ಲೂಕುಗಳ ಜೀವನಸ್ಥಿತಿಯೂ ಒಂದೇ ಬಗೆಯದಲ್ಲ. ಹೊನ್ನಾಳಿಯು ತುಂಗಭದ್ರೆಯ ದಡದ ಊರು. ನ್ಯಾಮತಿಯು ಮಲೆನಾಡಿಗೂ ಬಯಲುಸೀಮೆಗೂ ನಡುವಣ ವ್ಯಾಪಾರಸ್ಥಳವಾಗಿ ಬೆಳೆದುದು. ಚನ್ನಗಿರಿಯಲ್ಲಿ ಅಡಕೆಯ ತೋಟಗಳುಂಟು. ಜಗಳೂರು ಮಳೆಯನ್ನೇ ನೆಚ್ಚಿದ, ಮೇಲಿಂದಮೇಲೆ ಬರವನ್ನು ಕಂಡ ನೆಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಬಂಜಾರರ ಗುರು ಸೇವಾಲಾಲರ ಜನ್ಮಸ್ಥಳವೆಂದು ಪೂಜ್ಯವಾದುದು. ಈ ಸುತ್ತಿನಲ್ಲಿ ತಾಂಡಾಗಳು ಅನೇಕ. ಸುಗ್ಗಿಯ ಕೆಲಸಕ್ಕೆಂದು ಮಲೆನಾಡಿನ ತೋಟಗಳಿಗೆ ವಲಸೆ ಹೋಗುವ ಕುಟುಂಬವು ಬೆಳೆದ ಮಗಳನ್ನು ಊರಿನಲ್ಲಿ ಒಂಟಿಯಾಗಿ ಬಿಡಲು ಅಂಜುತ್ತದೆ. ಜೊತೆಗೆ ಕರೆದುಕೊಂಡು ಹೋದರೆ ಶಾಲೆ ತಪ್ಪುತ್ತದೆ. ಮದುವೆ ಮಾಡಿಬಿಟ್ಟರೆ ಭಾರ ಇಳಿಯಿತೆಂದು ತಂದೆತಾಯಿಗಳು ಎಣಿಸುತ್ತಾರೆ. ಬಾಲ್ಯವಿವಾಹಕ್ಕೆ ಅಜ್ಞಾನವೊಂದೇ ಕಾರಣವೆಂದು ಹೇಳುವವರು ಈ ಲೆಕ್ಕಾಚಾರವನ್ನು ಕಾಣದವರು. ಬಡವರು ಬಾಲೆಯ ರಕ್ಷಣೆಗೆಂದು ಹುಡುಕಿಕೊಂಡ ಉಪಾಯವೇ ಆಕೆಯ ವಿದ್ಯೆಗೆ ಮೃತ್ಯುವಾಗಿದೆ.

೩

ಬಾಲ್ಯವಿವಾಹವನ್ನು ಶಾಸನದಿಂದ ತಡೆಯುವ ಕಾರ್ಯದಲ್ಲಿ ಮೈಸೂರು ಸಂಸ್ಥಾನವು ಬ್ರಿಟಿಷ್ ಇಂಡಿಯಾಕ್ಕಿಂತ ಮುಂದಾಗಿತ್ತೆಂಬುದು ನಿರ್ವಿವಾದ. ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, ಕೆ. ಶೇಷಾದ್ರಿ ಅಯ್ಯರವರು ದಿವಾನರಾಗಿದ್ದಾಗ, ೧೮೯೪ರಲ್ಲಿ ಶಿಶುವಿವಾಹ ನಿರೋಧದ ರೆಗ್ಯುಲೇಷನ್ ಜಾರಿಗೆ ಬಂದಿತು. ಎಂಟು ವರ್ಷ ತುಂಬದ ಹುಡುಗಿಯ ವಿವಾಹವನ್ನೂ, ಐವತ್ತು ವರ್ಷ ಮೀರಿದ ಪುರುಷನು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದನ್ನೂ ಅದು ಅಪರಾಧವೆಂದು ವಿಧಿಸಿತು. ಬ್ರಿಟಿಷ್ ಇಂಡಿಯಾದಲ್ಲಿ ೧೮೯೧ರ ಸಮ್ಮತಿವಯಸ್ಸಿನ ಶಾಸನವು ಸಂಭೋಗದ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿತ್ತೇ ಹೊರತು ವಿವಾಹವನ್ನು ಮುಟ್ಟಿರಲಿಲ್ಲ. ಅಲ್ಲಿ ವಿವಾಹದ ವಯಸ್ಸನ್ನು ನಿಯಮಿಸಿದ ಶಾರದಾ ಶಾಸನವು ೧೯೨೯ರಲ್ಲಿ, ಎಂದರೆ ಮೈಸೂರಿನ ಶಾಸನಕ್ಕೆ ಮೂವತ್ತೈದು ವರ್ಷ ತಡವಾಗಿ ಬಂದಿತು.

ಇಷ್ಟು ಪ್ರಶಂಸೆ ಸಲ್ಲತಕ್ಕದ್ದೇ. ಆದರೆ ಆ ರೆಗ್ಯುಲೇಷನ್ನಿನ ಮಿತಿಯನ್ನೂ ನೋಡಬೇಕು. ಎಂಟು ತುಂಬಿದ ಮರುದಿನ ಹುಡುಗಿಯನ್ನು ಧಾರೆಯೆರೆದು ಕೊಟ್ಟರೆ, ವರನು ಐವತ್ತನ್ನು ಮೀರದಿದ್ದರೆ, ಶಾಸನಕ್ಕೆ ಆಕ್ಷೇಪಣೆಯಿರಲಿಲ್ಲ. ಎಂಟು ವರ್ಷವೆಂದರೆ ಅಕ್ಷರಾಭ್ಯಾಸವು ಮುಗಿದು ಓದು ಆರಂಭವಾಗತಕ್ಕ ವಯಸ್ಸು. ಶಾಸನವು ತೊಟ್ಟಿಲ ಮದುವೆಯನ್ನು ತಡೆಯಿತು; ಶಾಲೆಯ ಮದುವೆಯನ್ನು ತಡೆಯಲಿಲ್ಲ. ೧೯೧೩ರ ಪ್ರಾಥಮಿಕ ವಿದ್ಯಾಭ್ಯಾಸದ ರೆಗ್ಯುಲೇಷನ್ನು ಕಡ್ಡಾಯದ ಓದಿಗೆ ದಾರಿಮಾಡಿದಾಗಲೂ ಅದರ ದೃಷ್ಟಿಯಲ್ಲಿದ್ದವರು ಬಾಲಕರೇ.

ಇದೇ ಕಾಲದ ಬರೋಡಾ ಸಂಸ್ಥಾನದೊಡನೆ ಹೋಲಿಸಿದರೆ ವಿಷಯವು ಸ್ಪಷ್ಟವಾಗುತ್ತದೆ. ಅಲ್ಲಿ ೧೯೦೪ರಲ್ಲಿ ವಿವಾಹಕ್ಕೆ ಹುಡುಗಿಗೆ ಹನ್ನೆರಡು, ಹುಡುಗನಿಗೆ ಹದಿನಾರು ಎಂದು ವಯಸ್ಸನ್ನು ಗೊತ್ತುಮಾಡಿ, ಎರಡು ವರ್ಷಗಳಲ್ಲಿಯೇ, ೧೯೦೬ರಲ್ಲಿ, ಬಾಲಕಿಯರನ್ನೂ ಒಳಗೊಂಡ ಕಡ್ಡಾಯದ ವಿದ್ಯಾಭ್ಯಾಸವನ್ನು ಸಂಸ್ಥಾನದಲ್ಲೆಲ್ಲ ಜಾರಿಗೆ ತಂದರು. ವಿವಾಹವನ್ನು ತಡೆಯುವ ಕೈಯೂ ಶಾಲೆಗೆ ಕರೆಯುವ ಕೈಯೂ ಒಂದೇ ದೇಹದವಾಗಿರಬೇಕೆಂಬ ತತ್ತ್ವವು ಅಲ್ಲಿ ಕಾಣುತ್ತದೆ. ಮೈಸೂರಿನಲ್ಲಿ ಎರಡು ಕೈಗಳೂ ಇದ್ದುವು. ಒಂದರ ಕೆಲಸವು ಇನ್ನೊಂದಕ್ಕೆ ತಿಳಿದಿರಲಿಲ್ಲ.

೪

ವಿವಾಹಿತೆಯೂ ವಿಧವೆಯೂ ದೌರ್ಜನ್ಯಕ್ಕೆ ಗುರಿಯಾದವಳೂ ಓದಬಲ್ಲಳೆಂಬುದನ್ನು ತೋರಿಸಿಕೊಟ್ಟವು ಶಾಸನಗಳಲ್ಲ, ಕೆಲವು ಮನೆಗಳು ಮತ್ತು ಕೆಲವು ಶಾಲೆಗಳು. ಇವುಗಳಲ್ಲಿ ಮೊದಲು ಹೇಳಬೇಕಾದುದು ಪುಣೆಯಲ್ಲಿ ಜೋತಿರಾವ್ ಫುಲೆ, ಸಾವಿತ್ರೀಬಾಯಿ ದಂಪತಿಗಳು ೧೮೬೩ರಲ್ಲಿ ತೆರೆದ ಶಿಶುಹತ್ಯಾನಿವಾರಣ ಗೃಹ. ಬಲಾತ್ಕಾರದಿಂದಲೋ ವಂಚನೆಯಿಂದಲೋ ಗರ್ಭಿಣಿಯರಾದ ವಿಧವೆಯರು ಅಲ್ಲಿಗೆ ಗುಟ್ಟಾಗಿ ಬಂದು ಹೆರಿಗೆಯನ್ನು ಮುಗಿಸಿಕೊಳ್ಳಬಹುದಾಗಿತ್ತು. ಹಾಗೆ ಹುಟ್ಟಿದ ಮಗುವೊಂದನ್ನು ದಂಪತಿಗಳು ೧೮೭೪ರಲ್ಲಿ ದತ್ತು ತೆಗೆದುಕೊಂಡು ಯಶವಂತನೆಂದು ಸಾಕಿದರು. ಹೆಣ್ಣುಮಕ್ಕಳ ಶಾಲೆಯನ್ನು ನಡೆಸಿದ ಕೈಗಳೇ ಈ ಗೃಹವನ್ನೂ ನಡೆಸಿದುವೆಂಬುದು ಗಮನಿಸತಕ್ಕದ್ದು.

ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ೧೮೫೮ರಲ್ಲಿ ಹುಟ್ಟಿ ಕನ್ನಡನಾಡಿನ ಮಗಳೇ ಆದ ಪಂಡಿತಾ ರಮಾಬಾಯಿಯವರು ೧೮೮೯ರಲ್ಲಿ ಮುಂಬಯಿಯಲ್ಲಿ ಶಾರದಾಸದನವನ್ನು ಸ್ಥಾಪಿಸಿದರು. ಅಲ್ಲಿಯ ಮೊದಲ ವಿದ್ಯಾರ್ಥಿನಿಯಾದ ಗೋದೂಬಾಯಿಯೆಂಬ ಬಾಲವಿಧವೆಯೇ ೧೮೯೩ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ವಿವಾಹವಾದರು. ಕರ್ವೆಯವರು ೧೮೯೬ರಲ್ಲಿ ವಿಧವೆಯರಿಗಾಗಿ ಆಶ್ರಮವನ್ನು ತೆರೆದರು. ಮದರಾಸಿನಲ್ಲಿ, ತಾವೇ ಬಾಲವಿಧವೆಯಾಗಿದ್ದು ೧೯೧೧ರಲ್ಲಿ ಪದವೀಧರೆಯಾದ ಆರ್. ಎಸ್. ಸುಬ್ಬಲಕ್ಷ್ಮಿಯವರು ೧೯೧೨ರಲ್ಲಿ ಬಾಲವಿಧವೆಯರ ವಸತಿಗೃಹವನ್ನು ಕಟ್ಟಿ ಅವರನ್ನು ಉಪಾಧ್ಯಾಯಿನಿಯರನ್ನಾಗಿ ತಯಾರುಮಾಡಿದರು. ಒಬ್ಬಳು ಓದಿದರೆ ಆಕೆಯ ಹಿಂದೆ ಒಂದು ಸಾಲೇ ಓದುತ್ತದೆಂಬುದಕ್ಕೆ ಇವು ಸಾಕ್ಷಿ.

ಮೈಸೂರಿನಲ್ಲಿ ಈ ಸಾಲಿಗೆ ಸೇರತಕ್ಕದ್ದು ೧೮೮೧ರಲ್ಲಿ ಅಂಬಳೆ ನರಸಿಂಹಯ್ಯಂಗಾರ್ಯರು ಮಹಾರಾಣಿಯವರ ಆಶ್ರಯದಲ್ಲಿ ಆರಂಭಿಸಿದ ಬಾಲಿಕಾ ಪಾಠಶಾಲೆ. ಮಹಾರಾಣಿ ಪಾಠಶಾಲೆಯೆಂದು ಹೆಸರಾಗಿ ಮುಂದೆ ಕಾಲೇಜಾಗಿ ಬೆಳೆದ ಈ ಸಂಸ್ಥೆಯ ವಿಶೇಷವೇನೆಂದರೆ, ಅದು ಸಮಾಜದ ಭಯಗಳನ್ನು ಮೊದಲು ಎಣಿಸಿಕೊಂಡು ಆಮೇಲೆ ಪಾಠಕ್ಕೆ ಕೈಹಾಕಿತು. ಸಂಗೀತ, ಸಂಸ್ಕೃತ ಮೊದಲಾದ, ಮನೆಯವರು ಒಪ್ಪುವ ವಿಷಯಗಳನ್ನು ಸೇರಿಸಿದ್ದೂ ಅರಮನೆಯ ಗೌರವವನ್ನು ಶಾಲೆಗೆ ಹೊದಿಸಿದ್ದೂ ಇದಕ್ಕಾಗಿಯೇ. ಈ ರಿಯಾಯಿತಿಗಳನ್ನು ಹಳೆಯ ಪದ್ಧತಿಗೆ ಶರಣಾಗತಿಯೆಂದು ಕೆಲವರು ಹಳಿಯುತ್ತಾರೆ. ಅದರಲ್ಲಿ ಸತ್ಯಾಂಶವಿದೆ, ಆ ಶಾಲೆಯ ಬಾಗಿಲು ಬಹುಕಾಲ ಮೇಲಿನ ಜಾತಿಗಳ ಹುಡುಗಿಯರಿಗೇ ಹೆಚ್ಚಾಗಿ ತೆರೆದಿತ್ತು. ಚನ್ನಗಿರಿಯ ಒಕ್ಕಲು ಮಗಳಿಗೂ ಜಗಳೂರಿನ ಕೂಲಿಯವನ ಮಗಳಿಗೂ ಅರಮನೆಯ ನೆರಳು ಅಲ್ಲಿಂದ ಬಲು ದೂರ. ಆದರೆ ಶಾಲೆಯೇ ಹುಡುಗಿಯ ಸ್ಥಿತಿಗೆ ಹೊಂದಿಕೊಳ್ಳಬೇಕೆಂಬ ಕ್ರಮವನ್ನು ಅದು ಸ್ಥಾಪಿಸಿತೆಂಬುದನ್ನು ಅಲ್ಲಗಳೆಯಲಾಗದು.

ಮೇಲಿನ ದೃಷ್ಟಾಂತಗಳನ್ನು ಕೂಡಿಸಿ ನೋಡಿದರೆ ಮೂರು ಅಂಗಗಳು ಸಾಮಾನ್ಯವಾಗಿ ಕಾಣುತ್ತವೆ. ಮೊದಲನೆಯದು ಆಶ್ರಯ: ಅಪಾಯವಿರುವ ಮನೆಯಿಂದ ಹೊರಗೆ ಒಂದು ಹಾಸಿಗೆ. ಎರಡನೆಯದು ಗುರು: ಹಿಂದುಳಿದ ಪಾಠವನ್ನು ಮತ್ತೆ ಹೇಳಿಕೊಡುವ ತಾಳ್ಮೆ. ಮೂರನೆಯದು ಮೌನ: ಆಕೆಯ ಕಥೆಯನ್ನು ಊರಿಗೆ ಹೇಳದಿರುವ ಸಂಯಮ. ಈ ಮೂರೂ ಒಟ್ಟಿಗಿದ್ದ ಕಡೆ ಬಾಲೆಯು ಓದಿದ್ದಾಳೆ. ಒಂದು ತಪ್ಪಿದರೂ ಉಳಿದೆರಡು ಸಾಲದೆ ಹೋಗಿವೆ.

೫

ಸಾಹಿತ್ಯದ ಸಾಕ್ಷ್ಯವನ್ನು ಇಲ್ಲಿ ಕರೆಯುವುದು ಯುಕ್ತ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ೧೮೯೯ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಸಾಹಿತ್ಯಚರಿತ್ರೆಗಳು ಇದನ್ನು ಸ್ಮರಿಸುತ್ತವೆ. ವಿಧವಾವಿವಾಹದ ಕಾದಂಬರಿಯೆಂದು ತರಗತಿಗಳಲ್ಲಿ ಬೋಧಿಸುತ್ತಾರೆ. ಆದರೆ ಕಥೆಯ ನಡುಗಂಬವು ಮದುವೆಯಲ್ಲ, ಆಶ್ರಯ ಮತ್ತು ವಿದ್ಯೆ. ಬಾಲವಿಧವೆಯಾದ ಇಂದಿರೆಯನ್ನು ಆಕೆಯ ತಂದೆತಾಯಿಗಳೇ ಕಪಟಸಂತರ ಸೇವೆಗೆ ತಳ್ಳಲು ಹವಣಿಸುತ್ತಾರೆ. ಮನೆಯೇ ಅಪಾಯದ ಸ್ಥಳವಾದಾಗ ಆಕೆ ತಪ್ಪಿಸಿಕೊಂಡು ಅಮೃತರಾಯರ ಮನೆಯನ್ನು ಸೇರುತ್ತಾಳೆ. ಅಲ್ಲಿ ರಕ್ಷಣೆ ದೊರೆತ ಮೇಲೆ ಓದುತ್ತಾಳೆ. ಓದಿದ ಮೇಲೆಯೇ ಭಾಸ್ಕರರಾಯನೊಡನೆ ವಿವಾಹ. ಈ ಅನುಕ್ರಮವನ್ನು ಗ್ರಂಥಕರ್ತರು ಬುದ್ಧಿಪೂರ್ವಕವಾಗಿಯೇ ಇಟ್ಟಿದ್ದಾರೆ. ದೌರ್ಜನ್ಯದಿಂದ ಪಾರಾದ ಬಾಲೆಗೆ ಮೊದಲು ಗಂಡನನ್ನು ಹುಡುಕುವುದಲ್ಲ, ಮೊದಲು ಶಾಲೆಯನ್ನು ತೋರಿಸುವುದೆಂಬ ತೀರ್ಮಾನವು ನಮ್ಮ ಮೊದಲ ಸಾಮಾಜಿಕ ಕಾದಂಬರಿಯಲ್ಲಿಯೇ ಬಂದಿದೆ. ಇಂದಿಗೂ ಎಷ್ಟೋ ಪಂಚಾಯಿತಿಕಟ್ಟೆಗಳಲ್ಲಿ ಅಪರಾಧಿಗೇ ಆಕೆಯನ್ನು ಕಟ್ಟಿಬಿಡಿ ಎಂಬ ಮಾತು ಹೊರಡುವುದನ್ನು ನೆನೆದರೆ, ೧೮೯೯ರ ಆ ತೀರ್ಮಾನದ ಬೆಲೆ ತಿಳಿಯುತ್ತದೆ.

ಕಾದಂಬರಿಯ ಇಂದಿರೆಗೆ ನಿಜಜೀವನದಲ್ಲಿ ಸೋದರಿಯರಿದ್ದರು. ನಂಜನಗೂಡು ತಿರುಮಲಾಂಬಾ (೧೮೮೭–೧೯೮೨) ಅವರಿಗೆ ಹತ್ತನೆಯ ವಯಸ್ಸಿನಲ್ಲಿ ವಿವಾಹ, ಹದಿನಾಲ್ಕರಲ್ಲಿ ವೈಧವ್ಯ. ತಂದೆಯ ಆಸರೆಯಿಂದ ಮನೆಯಲ್ಲಿಯೇ ಓದು ಮುಂದುವರಿಯಿತು. ಆ ಓದಿನಿಂದ ‘ಸತೀಹಿತೈಷಿಣೀ’ ಗ್ರಂಥಮಾಲೆಯೂ ‘ಸುಶೀಲೆ’ ಮೊದಲಾದ ಕಾದಂಬರಿಗಳೂ ‘ಕರ್ನಾಟಕ ನಂದಿನಿ’ ಪತ್ರಿಕೆಯೂ ಹುಟ್ಟಿದುವು. ನೆರೆಹೊರೆಯ ಹೆಣ್ಣುಮಕ್ಕಳಿಗೂ ಅವರು ಪಾಠ ಹೇಳಿದರು. ಬೆಂಗಳೂರಿನ ಆರ್. ಕಲ್ಯಾಣಮ್ಮನವರೂ ಬಾಲ್ಯದಲ್ಲಿಯೇ ವೈಧವ್ಯವನ್ನು ಕಂಡವರು. ಅವರು ೧೯೧೩ರಲ್ಲಿ ಶಾರದಾ ಸ್ತ್ರೀಸಮಾಜವನ್ನು ಸ್ಥಾಪಿಸಿ, ೧೯೨೧ರಿಂದ ‘ಸರಸ್ವತಿ’ಯೆಂಬ ಮಾಸಪತ್ರಿಕೆಯನ್ನು ದೀರ್ಘಕಾಲ ನಡೆಸಿ, ೧೯೩೮ರಲ್ಲಿ ಮಕ್ಕಳ ಕೂಟವನ್ನು ಕಟ್ಟಿದರು. ಇವರ ಪ್ರತಿಭೆಯನ್ನು ಮೆಚ್ಚುವಾಗ ಒಂದು ಎಚ್ಚರ ಬೇಕು. ಒಬ್ಬರಿಗೆ ಓದಿಸುವ ತಂದೆಯಿದ್ದನು, ಇನ್ನೊಬ್ಬರಿಗೆ ನಗರವಿತ್ತು. ಎರಡೂ ಇಲ್ಲದವರ ಚಿತ್ರವನ್ನು ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (೧೯೭೬) ಕೊಡುತ್ತದೆ: ಅದೇ ವಯಸ್ಸಿನ ವೈಧವ್ಯ, ಅದೇ ಬುದ್ಧಿಶಕ್ತಿ, ಆದರೆ ಶಾಲೆಯಿಲ್ಲ. ಆ ಬುದ್ಧಿಯೆಲ್ಲ ಅಡಿಗೆಮನೆಯಲ್ಲಿಯೂ ಪರರ ಬಾಣಂತಿತನದಲ್ಲಿಯೂ ಸವೆಯಿತು. ನಮ್ಮ ನಾಲ್ಕು ತಾಲ್ಲೂಕುಗಳ ಬಹುಪಾಲು ಬಾಲವಧುಗಳು ಫಣಿಯಮ್ಮನ ಪಂಕ್ತಿಯವರು; ಅವರನ್ನು ಕುರಿತು ಯಾರೂ ಕಾದಂಬರಿ ಬರೆದಿಲ್ಲ.

೬

ವಿವಾಹದ ವಯೋಮಿತಿಯು ೧೯೨೯ರಲ್ಲಿ ಹುಡುಗಿಗೆ ಹದಿನಾಲ್ಕು, ೧೯೪೯ರಲ್ಲಿ ಹದಿನೈದು, ೧೯೭೮ರಲ್ಲಿ ಹದಿನೆಂಟು ಎಂದು ಏರಿತು. ೨೦೦೬ರ ಬಾಲ್ಯವಿವಾಹ ನಿಷೇಧ ಕಾಯಿದೆಯು ೨೦೦೭ರ ನವೆಂಬರ್ ೧ರಿಂದ ಜಾರಿಗೆ ಬಂದು, ತಡೆಯುವ ಅಧಿಕಾರಿಗಳನ್ನು ನೇಮಿಸಿತು. ಆದರೆ ನಡೆದ ವಿವಾಹವನ್ನು ಬಹುಮಟ್ಟಿಗೆ ‘ರದ್ದುಮಾಡಿಸಿಕೊಳ್ಳಬಹುದಾದ’ ವಿವಾಹವೆಂದು ಮಾತ್ರ ಎಣಿಸಿತು. ಕರ್ನಾಟಕದಲ್ಲಿ ಉಚ್ಚ ನ್ಯಾಯಾಲಯದ ಮುಂದೆ ಬಂದ ವ್ಯಾಜ್ಯದ ಫಲವಾಗಿ ನ್ಯಾಯಮೂರ್ತಿ ಶಿವರಾಜ ವಿ. ಪಾಟೀಲರ ಅಧ್ಯಕ್ಷತೆಯಲ್ಲಿ ಸಮಿತಿಯು ಏರ್ಪಟ್ಟು ೨೦೧೧ರಲ್ಲಿ ವರದಿಯನ್ನೊಪ್ಪಿಸಿತು. ಅದರ ಜಾಡಿನಲ್ಲಿ ೨೦೧೭ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ಬಾಲ್ಯವಿವಾಹವು ಆರಂಭದಿಂದಲೇ ಅಸಿಂಧುವೆಂದು ಸಾರಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಹದಿನೆಂಟು ತುಂಬದ ಪತ್ನಿಯೊಡನೆ ಸಂಭೋಗವೂ ಅಪರಾಧವೇ ಎಂದು ತೀರ್ಪು ಕೊಡುವಾಗ, ಕರ್ನಾಟಕದ ಈ ಕ್ರಮವನ್ನು ಪ್ರಶಂಸಿಸಿತು. ೧೮೯೪ರಲ್ಲಿ ಮೈಸೂರು ಇಟ್ಟ ಹೆಜ್ಜೆಗೆ ಇದು ತಕ್ಕ ಉತ್ತರಾಧಿಕಾರ.

ಇದರೊಡನೆ ಸ್ಮರಿಸತಕ್ಕ ಇನ್ನೊಂದು ಸಾಲುಂಟು. ಬಾಲೆಯರನ್ನು ದೇವರ ಹೆಸರಿನಲ್ಲಿ ಬಿಡುವ ಪದ್ಧತಿಯ ಮೇಲೆ ಮೈಸೂರು ಸರ್ಕಾರವು ೧೯೦೯ರಲ್ಲಿಯೇ ಮುಜರಾಯಿ ದೇವಾಲಯಗಳ ಮಟ್ಟಿಗೆ ಕೈಯಿಟ್ಟಿತ್ತು. ದೇವದಾಸಿಯರ ಸಮರ್ಪಣೆಯನ್ನು ಸಂಪೂರ್ಣವಾಗಿ ನಿಷೇಧಿಸಿದುದು ಕರ್ನಾಟಕದ ೧೯೮೨ರ ಕಾಯಿದೆ. ಸಮರ್ಪಣೆಯೂ ಹುಡುಗಿಯ ಓದಿನ ಪಾಲಿಗೆ ವಿವಾಹದಂತೆಯೇ. ಬಿಡುಗಡೆಯ ಬಾಗಿಲು ಮಾತ್ರ ಇನ್ನೂ ಕಿರಿದು.

ಹೀಗೆ ಶಾಸನವು ಬಲವಾಯಿತು. ಫಲವೇನೆಂದು ನೋಡಿದರೆ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ೨೦ರಿಂದ ೨೪ ವರ್ಷದ ಸ್ತ್ರೀಯರಲ್ಲಿ ಹದಿನೆಂಟು ತುಂಬುವ ಮೊದಲೇ ವಿವಾಹವಾದವರು ೨೦೧೫–೧೬ರಲ್ಲಿ ದೇಶದಲ್ಲಿ ನೂರಕ್ಕೆ ೨೬.೮, ೨೦೧೯–೨೧ರಲ್ಲಿ ೨೩.೩. ಕರ್ನಾಟಕದಲ್ಲಿ ಈ ಸಂಖ್ಯೆಯು ೨೧.೪ರಿಂದ ೨೧.೩ಕ್ಕೆ ಬಂದಿತು, ಎಂದರೆ ಇದ್ದಲ್ಲಿಯೇ ನಿಂತಿತು. ಈ ಪ್ರಾಯದವರ ಮದುವೆಗಳಲ್ಲಿ ಬಹುಪಾಲು ೨೦೧೭ಕ್ಕೆ ಮೊದಲೇ ನಡೆದವಾದ್ದರಿಂದ ತಿದ್ದುಪಡಿಯ ಪರಿಣಾಮವನ್ನು ಈ ಅಂಕಿಗಳಿಂದ ಅಳೆಯುವುದು ನ್ಯಾಯವಲ್ಲ. ಆದರೆ ಐದು ಜನ ಸ್ತ್ರೀಯರಲ್ಲಿ ಒಬ್ಬಳಿಗೆ ಶಾಲೆಯ ವಯಸ್ಸಿನಲ್ಲಿಯೇ ಮದುವೆಯಾಗಿತ್ತೆಂಬುದು ಇದರಿಂದ ತಿಳಿಯಬರುತ್ತದೆ. ತಡೆಯುವ ಶಾಸನವೊಂದನ್ನೇ ನೆಚ್ಚಿದವರು ಈ ಐದನೆಯವಳಿಗೆ ಹೇಳುವ ಮಾತೇನು?

೭

೨೦೧೨ರ ನವೆಂಬರ್ ೧೪ರಿಂದ ಜಾರಿಗೆ ಬಂದ, ಪೋಕ್ಸೊ ಎಂದು ಜನರಲ್ಲಿ ರೂಢಿಯಾದ, ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯಿದೆಯು ಉಪಾಧ್ಯಾಯರನ್ನು ಈ ಚರಿತ್ರೆಯೊಳಕ್ಕೆ ನೇರವಾಗಿ ಕರೆತಂದಿತು. ಅಪರಾಧವು ತಿಳಿದುಬಂದವರು ಯಾರೇ ಆಗಲಿ ಪೋಲೀಸರಿಗೆ ತಿಳಿಸಬೇಕು, ತಿಳಿಸದಿರುವುದೇ ಅಪರಾಧ, ಸಂಸ್ಥೆಯ ಮುಖ್ಯಸ್ಥರಿಗೆ ಶಿಕ್ಷೆ ಇನ್ನೂ ಹೆಚ್ಚು. ಪೋಲೀಸರು ಇಪ್ಪತ್ತನಾಲ್ಕು ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ತಿಳಿಸಬೇಕು. ಬಾಲೆಯ ಹೇಳಿಕೆಯನ್ನು ಆಕೆಯ ಮನೆಯಲ್ಲಿಯೋ ಆಕೆ ಬಯಸಿದ ಕಡೆಯಲ್ಲಿಯೋ ಬರೆದುಕೊಳ್ಳಬೇಕು, ಅಧಿಕಾರಿ ಸಮವಸ್ತ್ರದಲ್ಲಿರಕೂಡದು. ಆಕೆಯ ಹೆಸರನ್ನೂ ವಿಳಾಸವನ್ನೂ ಶಾಲೆಯನ್ನೂ ಪತ್ರಿಕೆಗಳು ಪ್ರಕಟಿಸಕೂಡದು. ೨೦೨೦ರ ನಿಯಮಗಳು, ವ್ಯಾಜ್ಯವು ಮುಗಿಯುವವರೆಗೆ ಆಕೆಯ ಜೊತೆಗಿರುವ ಬೆಂಬಲದ ವ್ಯಕ್ತಿಯನ್ನೂ, ಊಟ ಬಟ್ಟೆ ಪ್ರಯಾಣದಂತಹ ತುರ್ತಿನ ಖರ್ಚಿಗೆ ವಿಶೇಷ ಪರಿಹಾರವನ್ನೂ ಏರ್ಪಡಿಸಿವೆ. ಆಶ್ರಯ, ಗುರು, ಮೌನವೆಂದು ಹಿಂದೆ ಹೇಳಿದ ಮೂರು ಅಂಗಗಳಲ್ಲಿ ಮೂರನೆಯದು ಇಲ್ಲಿ ಶಾಸನದ ಮಾತಾಗಿ ಬಂದಿರುವುದನ್ನು ಕಾಣಬಹುದು.

ಇಲ್ಲಿಯೇ ಒಂದು ತೊಡಕೂ ಹುಟ್ಟಿತು. ಬಲಾತ್ಕಾರಕ್ಕೆ ಗುರಿಯಾದ ಹತ್ತು ವರ್ಷದವಳೂ, ತಾನೇ ಮೆಚ್ಚಿ ಹೋದ ಹದಿನೇಳು ವರ್ಷದವಳೂ, ಹಿರಿಯರು ಮದುವೆಮಾಡಿಕೊಟ್ಟ ಹದಿನಾರು ವರ್ಷದವಳೂ ಈ ಕಾಯಿದೆಯ ದೃಷ್ಟಿಯಲ್ಲಿ ಒಂದೇ. ಗರ್ಭಿಣಿಯಾದ ಬಾಲವಧುವು ಆಸ್ಪತ್ರೆಗೆ ಹೋದರೆ ಗಂಡನೋ ತಂದೆಯೋ ಸೆರೆಮನೆಗೆ ಹೋಗುವರೆಂಬ ಭಯದಿಂದ ಆಸ್ಪತ್ರೆಯನ್ನು ಬಿಡುತ್ತಾಳೆ. ಅದೇ ಭಯದಿಂದ ಶಾಲೆಯನ್ನೂ ಬಿಡುತ್ತಾಳೆ. ೨೦೨೨ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಮ್ಮತಿಯ ಸಂಬಂಧದಿಂದ ಗರ್ಭಿಣಿಯಾದ ಅಪ್ರಾಪ್ತ ವಯಸ್ಕೆಯು ಗರ್ಭಪಾತಕ್ಕೆಂದು ಬಂದಾಗ, ಆಕೆ ಕೋರಿದರೆ ವೈದ್ಯರು ವರದಿಯಲ್ಲಿ ಹೆಸರನ್ನು ಹೇಳಬೇಕಾಗಿಲ್ಲವೆಂದು ತೀರ್ಮಾನಿಸಿತು. ಅದೇ ವರ್ಷದ ನವೆಂಬರಿನಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು ಸಮ್ಮತಿಯ ವಯಸ್ಸನ್ನು ಪುನರ್ವಿಮರ್ಶಿಸಬೇಕೆಂದು ಸೂಚಿಸಿ, ಒಂಬತ್ತನೆಯ ತರಗತಿಯಿಂದ ಮೇಲೆ ಈ ಕಾಯಿದೆಯ ತಿಳಿವಳಿಕೆಯನ್ನು ಕೊಡುವ ಏರ್ಪಾಡಾಗಬೇಕೆಂದಿತು. ೨೦೨೩ರಲ್ಲಿ ಕಾನೂನು ಆಯೋಗವು ತನ್ನ ೨೮೩ನೆಯ ವರದಿಯಲ್ಲಿ ವಯಸ್ಸನ್ನು ಇಳಿಸಕೂಡದೆಂದು ಅಭಿಪ್ರಾಯಪಟ್ಟಿತು. ವಯಸ್ಸನ್ನು ಇಳಿಸಿದರೆ ಬಾಲ್ಯವಿವಾಹಕ್ಕೂ ಮಾರಾಟಕ್ಕೂ ದಾರಿಯಾದೀತೆಂಬ ಆತಂಕವು ಅಲ್ಪವಾದುದಲ್ಲ.

ಈ ವಾದದಲ್ಲಿ ಯಾವ ಪಕ್ಷವನ್ನು ಹಿಡಿದರೂ ಉಪಾಧ್ಯಾಯರ ಕರ್ತವ್ಯವು ಬದಲಾಗುವುದಿಲ್ಲ. ತಿಳಿಸಬೇಕಾದವರಿಗೆ ತಿಳಿಸುವುದು ಶಾಸನದ ಆಜ್ಞೆ. ಉಳಿದವರಿಗೆ ತಿಳಿಸದಿರುವುದೂ ಅಷ್ಟೇ ಮುಖ್ಯವಾದ ಆಜ್ಞೆ. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚಾಗಿ ಮುರಿಯಲ್ಪಡುತ್ತದೆ. ಉಪಾಧ್ಯಾಯರ ಕೊಠಡಿಯಲ್ಲಿ ಆಡಿದ ಒಂದು ಮಾತು ಸಂಜೆಯೊಳಗೆ ಊರ ಬಾವಿಯನ್ನು ಮುಟ್ಟುತ್ತದೆ. ಮಾರನೆಯ ದಿನ ಹುಡುಗಿಯ ಸ್ಥಳ ಖಾಲಿ.

೮

ಈಗ ಶಾಲೆಯ ಕಡೆಯಿಂದ ಇದೇ ವಿಷಯವನ್ನು ನೋಡೋಣ. ೨೦೧೦ರ ಏಪ್ರಿಲ್ ೧ರಿಂದ ಜಾರಿಯಾದ ಶಿಕ್ಷಣದ ಹಕ್ಕಿನ ಕಾಯಿದೆಯು, ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂದೂ, ಪ್ರಾಥಮಿಕ ಶಿಕ್ಷಣವು ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕಕೂಡದೆಂದೂ ವಿಧಿಸಿತು. ಆದರೆ ಈ ಹಕ್ಕು ಆರರಿಂದ ಹದಿನಾಲ್ಕರವರೆಗೆ ಮಾತ್ರ. ವಿವಾಹದ ನಿಷೇಧವು ಹದಿನೆಂಟರವರೆಗೆ. ನಡುವಣ ನಾಲ್ಕು ವರ್ಷಗಳಲ್ಲಿ, ಎಂದರೆ ಅಪಾಯವು ಅತ್ಯಧಿಕವಾದ ನಾಲ್ಕು ವರ್ಷಗಳಲ್ಲಿ, ಮದುವೆಯಾಗಬೇಡವೆಂದು ಹೇಳುವ ಶಾಸನವುಂಟು, ಓದಲೇಬೇಕೆಂದು ಹೇಳುವ ಶಾಸನವಿಲ್ಲ. ಎಂಟರಿಂದ ಮುಂದೆ ೧೮೯೪ರ ರೆಗ್ಯುಲೇಷನ್ನು ಬಿಟ್ಟಿದ್ದ ಖಾಲಿಜಾಗವೇ ಈಗ ಹದಿನಾಲ್ಕರಿಂದ ಮುಂದಕ್ಕೆ ಸರಿದಿದೆ ಎಂದು ಹೇಳಬಹುದಾಗಿದೆ.

ಈ ಅಂತರವನ್ನು ತುಂಬಲು ನಡೆದ ಯತ್ನಗಳು ಇಲ್ಲದಿಲ್ಲ. ೧೯೮೯ರಲ್ಲಿ ಕರ್ನಾಟಕವೂ ಸೇರಿ ಮೂರು ರಾಜ್ಯಗಳಲ್ಲಿ ಆರಂಭವಾದ ಮಹಿಳಾ ಸಮಖ್ಯಾ ಕಾರ್ಯಕ್ರಮವು ಶಾಲೆಬಿಟ್ಟ ಹುಡುಗಿಯರಿಗಾಗಿ ವಸತಿಯ ಶಿಕ್ಷಣಕೇಂದ್ರಗಳನ್ನು ನಡೆಸಿತು. ೨೦೦೪ರಲ್ಲಿ ಬಂದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ಮೊದಲು ಎಂಟನೆಯ ತರಗತಿಯವರೆಗೆ ಮಾತ್ರ ಇದ್ದು, ೨೦೧೮ರಿಂದೀಚೆಗೆ ಹನ್ನೆರಡರವರೆಗೂ ವಿಸ್ತರಿಸಲು ಅವಕಾಶವಾಯಿತು. ೨೦೦೬ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಹುಡುಗಿಯರಿಗೆ ಸೈಕಲ್ಲುಗಳನ್ನು ಕೊಡಲಾರಂಭಿಸಿತು. ಭಾಗ್ಯಲಕ್ಷ್ಮಿ ಯೋಜನೆಯು ಹದಿನೆಂಟರವರೆಗೆ ಮದುವೆಯಾಗದಿರುವುದನ್ನೂ ಎಂಟನೆಯ ತರಗತಿಯವರೆಗೆ ಓದುವುದನ್ನೂ ಹಣದ ನಿಬಂಧನೆಗಳನ್ನಾಗಿ ಮಾಡಿತು. ಇವೆಲ್ಲ ಒಳ್ಳೆಯ ಉಪಾಯಗಳೇ. ಆದರೆ ನಿಬಂಧನೆಯು ಒಮ್ಮೆ ಮುರಿದ ಮೇಲೆ ಹುಡುಗಿಯು ಯೋಜನೆಯಿಂದ ಹೊರಗೆ. ತಪ್ಪು ಹಿರಿಯರದು, ದಂಡ ಬಾಲೆಯದು.

ಬಾಲಮಾತೆಯ ಸ್ಥಿತಿಯು ಇನ್ನೂ ವಿಚಿತ್ರ. ೧೯೭೫ರಲ್ಲಿ ಆರಂಭವಾದ ಶಿಶುಅಭಿವೃದ್ಧಿ ಯೋಜನೆಯ ಅಂಗನವಾಡಿಯು ಆಕೆಗೆ ತಾಯಿಯೆಂಬ ಲೆಕ್ಕದಲ್ಲಿ ಆಹಾರವನ್ನು ಕೊಡುತ್ತದೆ. ಆಕೆಯ ಕೂಸನ್ನೂ ಎಣಿಸುತ್ತದೆ. ಹೆಸರು ಅಂಗನವಾಡಿಯ ಪುಸ್ತಕವನ್ನು ಸೇರುವ ಹೊತ್ತಿಗೆ ಶಾಲೆಯ ಪುಸ್ತಕದಿಂದ ಅಳಿದಿರುತ್ತದೆ. ಅನೇಕ ಊರುಗಳಲ್ಲಿ ಈ ಎರಡು ಕಟ್ಟಡಗಳೂ ಒಂದೇ ಆವರಣದಲ್ಲಿರುತ್ತವೆ. ಕೂಸನ್ನು ಒಂದರಲ್ಲಿ ಬಿಟ್ಟು ತಾಯಿಯು ಇನ್ನೊಂದರಲ್ಲಿ ಕುಳಿತುಕೊಳ್ಳುವುದಕ್ಕೆ ಹೊಸ ಶಾಸನವೂ ಬೇಡ, ಹೊಸ ಗೋಡೆಯೂ ಬೇಡ. ಬಾಣಂತಿತನದಲ್ಲಿ ತಪ್ಪಿದ ಹಾಜರಿಯನ್ನು ಮನ್ನಿಸುವುದು, ತಪ್ಪಿದ ಪಾಠವನ್ನು ಬೇರೆಯಾಗಿ ಹೇಳಿಕೊಡುವುದು, ವರ್ಗಾವಣೆಯ ಪತ್ರದಲ್ಲಿ ಕಾರಣವನ್ನು ಬರೆದು ಕಳಂಕಪಡಿಸದಿರುವುದು, ಆಪಾದಿತನು ಅದೇ ಶಾಲೆಯವನಾದರೆ ಆಕೆಯನ್ನಲ್ಲ ಅವನನ್ನು ಬೇರೆಡೆಗೆ ಕಳುಹಿಸುವುದು, ದಿನವೂ ಬರಲಾರದವಳಿಗೆ ೧೯೮೯ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮುಕ್ತ ಶಾಲೆಯ ದಾರಿಯನ್ನು ತೋರಿಸುವುದು, ಮಕ್ಕಳ ಸಹಾಯವಾಣಿ ೧೦೯೮ ಎಂಬ ಸಂಖ್ಯೆಯನ್ನು ಪ್ರತಿಯೊಂದು ತರಗತಿಯ ಗೋಡೆಯ ಮೇಲೂ ಬರೆಯಿಸುವುದು: ಇವೆಲ್ಲ ಸಣ್ಣ ಕೆಲಸಗಳು. ಪುಣೆಯ ಗೃಹದಲ್ಲಿಯೂ ಶಾರದಾಸದನದಲ್ಲಿಯೂ ನಡೆದುದು ಇಂತಹ ಸಣ್ಣ ಕೆಲಸಗಳೇ.

ಬೇರೆ ದೇಶಗಳಲ್ಲಿಯೂ ಈ ಬಾಗಿಲು ಸುಲಭವಾಗಿ ತೆರೆಯಲಿಲ್ಲ. ಅಮೆರಿಕದಲ್ಲಿ ೧೯೭೨ರ ಶಾಸನವೂ ೧೯೭೫ರ ಅದರ ನಿಯಮಗಳೂ ಬಂದ ಮೇಲೆಯೇ ಗರ್ಭಿಣಿಯಾದ ವಿದ್ಯಾರ್ಥಿನಿಯನ್ನು ಶಾಲೆಯಿಂದ ಹೊರಹಾಕುವುದು ನಿಷಿದ್ಧವಾಯಿತು. ಆಫ್ರಿಕದ ಟಾಂಜಾನಿಯದಲ್ಲಿ ಬಾಲಮಾತೆಯರು ಮತ್ತೆ ಶಾಲೆಗೆ ಬರಬಹುದೆಂಬ ಅನುಮತಿಯು ೨೦೨೧ರ ನವೆಂಬರಿನಲ್ಲಷ್ಟೆ ದೊರೆಯಿತು. ನಮ್ಮ ದೇಶದಲ್ಲಿ ಬಾಲಮಾತೆಯನ್ನು ಹೊರಹಾಕೆಂದು ಹೇಳುವ ಶಾಸನವಿಲ್ಲ. ಇಲ್ಲಿ ಹೊರಹಾಕುವುದು ನೋಟ, ನಗೆ ಮತ್ತು ಮಾತು. ೨೦೨೫ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪಶ್ಚಿಮ ಬಂಗಾಳದ ಒಂದು ವ್ಯಾಜ್ಯದಲ್ಲಿ, ಬಾಲ್ಯದಲ್ಲಿಯೇ ತಾಯಿಯಾದವಳಿಗೆ ಸರ್ಕಾರವೇ ಪೋಷಕನ ಸ್ಥಾನದಲ್ಲಿ ನಿಂತು ಆಕೆಯ ಓದಿನ ಭಾರವನ್ನು ಹೊರಬೇಕೆಂದು ವಿಧಿಸಿತು. ಪೋಷಣೆ, ಆಶ್ರಯ, ವಿದ್ಯೆ ಈ ಮೂರನ್ನೂ ಒಬ್ಬಳೇ ಹುಡುಗಿಯ ಸಂಬಂಧದಲ್ಲಿ ಕೂಡಿಸಿ ಹೇಳಿದ ಈ ಆಜ್ಞೆಯು ನಮ್ಮ ವಿಚಾರಕ್ಕೆ ಬಹು ಸಮೀಪವಾದುದು.

ಮೇಲೆ ಹೇಳಿದುದರ ಸಾರಾಂಶವಿಷ್ಟು. ನೂರಮೂವತ್ತು ವರ್ಷಗಳಿಂದ ನಮ್ಮ ನಾಡಿನ ಶಾಸನಗಳು ಬಾಲೆಯ ವಯಸ್ಸನ್ನು ಎಣಿಸುತ್ತ ಬಂದಿವೆ. ಎಂಟರಿಂದ ಹದಿನೆಂಟಕ್ಕೆ ಬಂದುದು ಅಲ್ಪವಾದ ಸಾಧನೆಯಲ್ಲ. ಆದರೆ ವಯಸ್ಸಿನ ಗೆರೆಯು ಮದುವೆಗೆ ಅಡ್ಡವಾಗಬಲ್ಲದೇ ಹೊರತು, ಗೆರೆಯನ್ನು ದಾಟಿಸಲ್ಪಟ್ಟವಳನ್ನು ಹಿಂದಕ್ಕೆ ಕರೆತರಲಾರದು. ಕರೆತಂದವರು ಯಾವಾಗಲೂ ಮನುಷ್ಯರೇ: ಒಬ್ಬ ಅಮೃತರಾಯ, ಒಬ್ಬ ಸಾವಿತ್ರೀಬಾಯಿ, ಮಗಳಿಗೆ ಪುಸ್ತಕವನ್ನು ಕೊಟ್ಟ ಒಬ್ಬ ತಂದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಪ್ರೌಢಶಾಲೆಗಳಲ್ಲಿ ಹಾಜರಿಪುಸ್ತಕವನ್ನು ತೆರೆದು ಹೆಸರು ಕೂಗುವ ಉಪಾಧ್ಯಾಯರು ಒಂದು ಹೆಸರಿಗೆ ಉತ್ತರ ಬಾರದಿದ್ದಾಗ ಮುಂದಿನ ಹೆಸರಿಗೆ ಹೋಗುವ ಮೊದಲು ಸ್ವಲ್ಪ ನಿಂತು ವಿಚಾರಿಸುವುದಾದರೆ, ಈ ಚರಿತ್ರೆಯ ಮುಂದಿನ ಅಧ್ಯಾಯವು ಹಿಂದಿನವುಗಳಿಗಿಂತ ಉತ್ತಮವಾಗುವುದರಲ್ಲಿ ಸಂಶಯವಿಲ್ಲ.